ತಾಯಿಯೂ ತಿರುಗಿ ಕೊಟ್ಟ ಗಿಳಿಹಸಿರು ಕಣ

ಮೂರು ವರ್ಷ ನನ್ನ ಉಡಿಗೆ ತವರಿನ ಒಂದು ಹಿಡಿ ಅಕ್ಕಿ ಬೀಳಲಿಲ್ಲ. ಚಂದ್ರಗುತ್ತಿಯ ತಾಯಿ ರೇಣುಕಾಂಬೆಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನನ್ನ ಕಷ್ಟ ಇಷ್ಟೇ ಆಗಿತ್ತು. ದೊಡ್ಡ ಕಾಯಿಲೆಯಿಂದ ಎದ್ದವರು, ಕಳೆದುಹೋದ ಮಗ ಸಿಕ್ಕವರು ತಾಯಿಯ ಮಹಿಮೆಯ ತಮ್ಮ ಅನುಭವ ಬರೆಯುತ್ತಾರೆ. ಅವುಗಳ ಮುಂದೆ ನನ್ನದು ಸಣ್ಣದು ಅಂತ ಗಂಡಸರಿಗೆ ಅನ್ನಿಸಬಹುದು. ಕೊಟ್ಟ ಮನೆಯಲ್ಲಿರುವ ಯಾವ ಹೆಣ್ಣುಮಗಳಿಗೂ ಹಾಗೆ ಅನ್ನಿಸಲಾರದು.

ನನ್ನ ಹೆಸರು ನೀಲಮ್ಮ. ಸೊರಬದಲ್ಲಿ ಇಪ್ಪತ್ತೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ತವರು ಶಿಕಾರಿಪುರ ತಾಲ್ಲೂಕು, ಅಂಜನಾಪುರದ ಹತ್ತಿರದ ಹಳ್ಳಿ. ಅಪ್ಪ ಅವ್ವ ಹೋದ ಮೇಲೆ ತವರು ಅಂದರೆ ನನಗೆ ಅಣ್ಣ ಬೀರಪ್ಪ ಮತ್ತು ಅತ್ತಿಗೆ ಹಾಲಮ್ಮ. ಅವರಿಗೆ ಚಾನೆಲ್ ನೀರಿನ ಗದ್ದೆಯೂ ಇದೆ, ಕುರಿ ಹಿಂಡೂ ಇದೆ. ಅತ್ತಿಗೆ ಹರೆಯದಲ್ಲಿ ಹುಲ್ಲಿನ ಬಣವೆಯಿಂದ ಬಿದ್ದು ಎಡಭುಜ ಮುರಿದುಕೊಂಡವರು. ಆ ಕೈ ಇವತ್ತಿಗೂ ಕಿವಿಯ ಮಟ್ಟಕ್ಕೆ ಏಳುವುದಿಲ್ಲ. ಹಾಗಾಗಿ ಅವರ ಬ್ಲೌಸಿಗೆ ಎಡತೋಳನ್ನು ಬೇರೆ ಥರ ಕತ್ತರಿಸಬೇಕು, ಕಂಕುಳಲ್ಲಿ ಒಂದು ತುಂಡು ಸೇರಿಸಬೇಕು. ಆ ಲೆಕ್ಕ ನನಗೊಬ್ಬಳಿಗೇ ಗೊತ್ತು. ನಾನು ಮಷೀನ್ ಕಲಿತಾಗಿನಿಂದ ಅವರು ಹಾಕಿದ ಬ್ಲೌಸೆಲ್ಲ ನನ್ನ ಕೈಯದೇ.

ಐದು ವರ್ಷದ ಹಿಂದೆ, ಭತ್ತದ ಕೊಯ್ಲು ಮುಗಿದ ಚಳಿಗಾಲದಲ್ಲಿ, ಎರಡೂ ಮನೆಯವರು ಸೇರಿ ಒಂದು ಗಾಡಿ ಮಾಡಿಕೊಂಡು ದಕ್ಷಿಣದ ಕಡೆ ಹೋಗಿದ್ದೆವು. ಪಳನಿ, ಮಧುರೆ, ಕನ್ಯಾಕುಮಾರಿ. ಅಣ್ಣ ಕುರಿಗಳನ್ನು ಚಿಕ್ಕಪ್ಪನ ಮನೆಯವರಿಗೆ ಒಪ್ಪಿಸಿ ಬಂದಿದ್ದ, ಆದರೂ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಕುರಿಗಳ ಯೋಗಕ್ಷೇಮ ವಿಚಾರಿಸುತ್ತಿದ್ದ. ನಾನೂ ಅತ್ತಿಗೆಯೂ ಹಿಂದಿನ ಸೀಟಿನಲ್ಲಿ ಒಂದೇ ಕಂಬಳಿ ಹೊದ್ದು, ಬುತ್ತಿಯ ಜೋಳದ ರೊಟ್ಟಿ ಶೇಂಗಾ ಚಟ್ನಿ ತಿನ್ನುತ್ತ, ನಮ್ಮ ನಮ್ಮ ಗಂಡಂದಿರನ್ನು ಆಡಿಕೊಂಡು ನಗುತ್ತ ಹೋದೆವು. ಅಷ್ಟು ನಕ್ಕಿದ್ದು ನನಗೆ ಬೇರೆ ಯಾವಾಗಲೂ ನೆನಪಿಲ್ಲ.

ಮಧುರೆಯಲ್ಲಿ ಅತ್ತಿಗೆ ನನ್ನ ಕೈ ಹಿಡಿದು ಏಳೆಂಟು ಬಟ್ಟೆ ಅಂಗಡಿ ಸುತ್ತಿಸಿದರು. ಕೊನೆಗೆ ಬಿಳಿ ಚುಕ್ಕಿಯ ಗಿಳಿಹಸಿರು ಸುಂಗುಡಿ ಕಣ, ಅಂದರೆ ಬ್ಲೌಸ್ ಪೀಸು, ಒಂದನ್ನು ಎತ್ತಿ ನನ್ನ ಕೆನ್ನೆಗೆ ಹಿಡಿದು ನೋಡಿ, "ಇದು ನಿನ್ನ ಬಣ್ಣಕ್ಕ ಒಪ್ಪತೈತಿ ನೋಡು, ನೀಲಾ" ಅಂದರು. ಆ ಸಲ ವಿಪರೀತ ಮಳೆ ಬಂದು ರಾಮೇಶ್ವರಕ್ಕೆ ಹೋಗಲಾಗಲಿಲ್ಲ. "ಇರ್ಲಿ ಬಿಡು, ಇನ್ನೊಂದು ಸಲ ಇಬ್ರೂ ಕೂಡಿ ಬರಾಣ" ಅಂದರು ಅತ್ತಿಗೆ. ಸಂಕ್ರಾಂತಿಗೆ ತವರಿಗೆ ಹೋದಾಗ ಅದೇ ಕಣವನ್ನು ನನ್ನ ಉಡಿಗೆ ಹಾಕಿ ಕಳಿಸಿದರು.

ಇನ್ನು ನನ್ನ ತಪ್ಪು. ನಾವು ಹೆಂಗಸರು ಮಾಡುವುದನ್ನು ಬಿಚ್ಚಿ ಹೇಳಿಬಿಡುತ್ತೇನೆ. ಉಡಿಗೆ ಬಂದ ಬ್ಲೌಸ್ ಪೀಸುಗಳನ್ನೆಲ್ಲ ಯಾರೂ ಹೊಲಿಸುವುದಿಲ್ಲ. ಟ್ರಂಕಿನಲ್ಲಿ ಕೂಡಿಟ್ಟು, ಮನೆಗೆ ಬಂದ ಇನ್ನೊಬ್ಬ ಮುತ್ತೈದೆಯ ಉಡಿಗೆ ಅದನ್ನೇ ದಾಟಿಸುತ್ತೇವೆ. ಹೊಲಿಗೆ ಬಿದ್ದ ಬಟ್ಟೆ ಉಡಿಗೆ ಬರುವುದಿಲ್ಲ, ಅದೊಂದೇ ಕಟ್ಟಳೆ. ಒಂದೊಂದು ಪೀಸಂತೂ ನಮಗಿಂತ ಹೆಚ್ಚು ಊರು ನೋಡಿರುತ್ತದೆ! ಆ ಗಿಳಿಹಸಿರನ್ನು ನಾನೇ ಹೊಲಿದು ಹಾಕಿಕೊಳ್ಳಬೇಕು ಅಂತ ಬೇರೆ ಎತ್ತಿಟ್ಟಿದ್ದೆ. ಆದರೆ ಗಿರಾಕಿಗಳ ಕೆಲಸ ಮುಗಿಯುವುದು ಯಾವಾಗ, ನನ್ನದು ಹೊಲಿಯುವುದು ಯಾವಾಗ? ಹೊಸಮನೆಗೆ ಸಾಮಾನು ಸಾಗಿಸುವಾಗ ಅದೂ ಉಳಿದ ಪೀಸುಗಳ ಜೊತೆ ಟ್ರಂಕು ಸೇರಿತು.

ಮೂರು ವರ್ಷದ ಹಿಂದೆ ಗೃಹಪ್ರವೇಶದ ದಿನ ಉಡಿ ತುಂಬಿಸಿಕೊಳ್ಳಲು ಹೆಂಗಸರು ಸಾಲಾಗಿ ಕೂತಿದ್ದರು. ನಾನು ಟ್ರಂಕಿಗೆ ಕೈ ಹಾಕುತ್ತ, ಸಿಕ್ಕಿದ್ದನ್ನು ಇಡುತ್ತ ಬಂದೆ. ಅತ್ತಿಗೆಯ ಸೆರಗಿಗೆ ಅಕ್ಕಿ, ಕಾಯಿ, ಎಲೆಅಡಿಕೆಯ ಜೊತೆ ಗಿಳಿಹಸಿರು ಕಣವನ್ನೂ ಇಟ್ಟೆ. ಇಟ್ಟವಳು ನಾನೇ, ನನ್ನ ಈ ಕೈಯಲ್ಲೇ. ಗೊತ್ತಾಗಲೇ ಇಲ್ಲ. ಅತ್ತಿಗೆ ಒಂದು ಗಳಿಗೆ ಅದನ್ನೇ ನೋಡಿದರು. ತುಂಬಿದ ಉಡಿಯನ್ನು ಬೇಡ ಅನ್ನಲು ಬರುವುದಿಲ್ಲವಲ್ಲ, ಸೆರಗು ಕಟ್ಟಿಕೊಂಡು ಎದ್ದು ಹೋದರು. ಊಟಕ್ಕೂ ನಿಲ್ಲಲಿಲ್ಲ.

ಮಾರನೇ ದಿನ ಶಿಕಾರಿಪುರದ ಬಸ್ಸಿಗೆ ಬಂದ ಪರಿಚಯದ ಹೆಂಗಸೊಬ್ಬರು ಪೇಪರಿನಲ್ಲಿ ಸುತ್ತಿದ ಒಂದು ಗಂಟು ತಂದುಕೊಟ್ಟರು. ಒಳಗೆ ಅದೇ ಕಣ. ಜೊತೆಗೆ ಒಂದು ಕಾಳು ಅಕ್ಕಿ ಇಲ್ಲ, ಒಂದು ಚಿಟಿಕೆ ಕುಂಕುಮ ಇಲ್ಲ. ಆಗ ನನಗೆ ಹೊಳೆಯಿತು. ತವರಿನ ಉಡಿಯನ್ನು ತವರಿಗೇ ತಿರುಗಿಸಿ ಕೊಡುವುದು ಎಂದರೆ ಋಣ ಹರಿಯಿತು ಅಂತ ಅರ್ಥ. ಎಲ್ಲರೂ ನೋಡುತ್ತಿರುವಾಗ ನಾನು ಅದನ್ನೇ ಮಾಡಿದ್ದೆ.

ಫೋನ್ ಮಾಡಿದೆ, ಅತ್ತಿಗೆ ಎತ್ತಲಿಲ್ಲ. ಅಣ್ಣ ಎತ್ತಿ, "ಸ್ವಲ್ಪ ದಿನ ತಡಿ ತಂಗಿ, ಆಕಿ ಭಾಳ ನೊಂದಾಳ" ಅಂದ. ಆ ಸ್ವಲ್ಪ ದಿನ ಮೂರು ವರ್ಷವಾಯಿತು. ಪಂಚಮಿಗೆ ನಮ್ಮ ಬೀದಿಯ ಹೆಂಗಸರೆಲ್ಲ ಬ್ಯಾಗು ಹಿಡಿದು ತವರಿಗೆ ಹೊರಟರೆ ನಾನು ಮಷೀನಿನ ಮುಂದೆ ತಲೆ ಬಗ್ಗಿಸಿ ಕೂರುತ್ತಿದ್ದೆ. ಅಣ್ಣನ ಮಗಳು ರೇಖಾಳ ಮದುವೆಗೆ ಅಣ್ಣನೊಬ್ಬನೇ ಬಂದು ಕಾರ್ಡು ಕೊಟ್ಟ. ಅತ್ತಿಗೆ ಬಂದು ಕುಂಕುಮ ಇಟ್ಟು ಕರೆಯದೆ ಹೇಗೆ ಹೋಗುವುದು? ಆದರೂ ಮದುವೆಯ ದಿನ ಮನಸ್ಸು ತಡೆಯಲಿಲ್ಲ. ಬೆಳಗಿನ ಬಸ್ಸಿಗೆ ಶಿಕಾರಿಪುರಕ್ಕೆ ಹೋಗಿ ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತೆ. ಮದುವೆ ಅಲ್ಲೇ ಪೇಟೆಯ ಛತ್ರದಲ್ಲಿ, ದೂರದಲ್ಲಿ ವಾಲಗ ಕೇಳುತ್ತಿತ್ತು. ನಾನೇ ಎಣ್ಣೆ ಹಚ್ಚಿ ಎರೆದ ಹುಡುಗಿಗೆ ನನ್ನ ಕೈಯ ಒಂದು ಬ್ಲೌಸ್ ಇರಲಿಲ್ಲ. ಗಟ್ಟಿಮೇಳ ಕೇಳಿದ ಮೇಲೆ ಅಲ್ಲಿಂದಲೇ ಕೈಮುಗಿದು ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ.

ಅದೇ ವಾರದ ಶುಕ್ರವಾರ ಚಂದ್ರಗುತ್ತಿಗೆ ಹೋದೆ. ಈ ಕಣವನ್ನು ತಾಯಿಗೇ ಅರ್ಪಿಸಿಬಿಟ್ಟರೆ ನನ್ನ ತಪ್ಪು ಕಳೆದೀತು ಅಂತ ಆಸೆ. ಮೆಟ್ಟಿಲು ಹತ್ತುವಾಗ ಒಂದೇ ಮಾತು ಬೇಡಿಕೊಂಡೆ: "ಅವ್ವಾ, ನನಗೆ ಬೇರೇನೂ ಬೇಡ. ಸಾಯೋದ್ರೊಳಗೆ ಅತ್ತಿಗೆ ಕೈಯಿಂದ ಒಂದು ಹಿಡಿ ಅಕ್ಕಿ ನನ್ನ ಉಡಿಗೆ ಬೀಳಲಿ." ಅರ್ಚಕರು ಕಣ ತೆಗೆದುಕೊಂಡು ವಿಷಯ ಕೇಳಿದರು. ನಾನು ಅಳುತ್ತ ಎಲ್ಲ ಹೇಳಿದೆ. ಅವರು ಅದನ್ನು ತಾಯಿಯ ಪಾದಕ್ಕೆ ಮುಟ್ಟಿಸಿ, ಒಂದು ಮೂಲೆಗೆ ಕುಂಕುಮ ಹಚ್ಚಿ ನನ್ನ ಕೈಗೇ ಕೊಟ್ಟರು. "ತವರಿನ ಉಡಿ ಅಂತೀರಿ, ಇದನ್ನ ಇಲ್ಲಿ ಬಿಟ್ಟು ಹೋಗಬೇಡಿ ತಾಯಿ. ಇಟ್ಕೊಳ್ಳಿ" ಅಂದರು.

ನಿಜ ಹೇಳುತ್ತೇನೆ, ಆವತ್ತು ನನಗೆ ತಾಯಿಯ ಮೇಲೇ ಸಿಟ್ಟು ಬಂತು. ಅತ್ತಿಗೆ ತಿರುಗಿ ಕಳಿಸಿದರು, ಈಗ ನೀನೂ ತಿರುಗಿ ಕೊಟ್ಟೆಯಾ ಅಂತ ಇಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ ಬೈದುಕೊಂಡೆ. ಕಣವನ್ನು ಕೈಚೀಲದ ತಳಕ್ಕೆ ತುರುಕಿದವಳು ಮತ್ತೆ ಹೊರಗೆ ತೆಗೆಯಲಿಲ್ಲ.

ಕಳೆದ ಡಿಸೆಂಬರಿನಲ್ಲಿ ನಮ್ಮೆಜಮಾನರು ಶಿಕಾರಿಪುರದಿಂದ ಹೊರಡುವ ಯಾತ್ರೆ ಬಸ್ಸಿನಲ್ಲಿ ಎರಡು ಸೀಟು ಹಿಡಿದಿದ್ದೇನೆ ಅಂದರು. ಮಧುರೆ, ರಾಮೇಶ್ವರ, ಕನ್ಯಾಕುಮಾರಿ. ನನಗೆ ಹೋಗುವ ಮನಸ್ಸೇ ಇರಲಿಲ್ಲ, ರಾಮೇಶ್ವರಕ್ಕೆ ಯಾರ ಜೊತೆ ಹೋಗುವುದೆಂದು ಮಾತಾಗಿತ್ತೋ ಅವರಿಲ್ಲದೆ ಏನು ಯಾತ್ರೆ? ಬಸ್ಸು ಹತ್ತಿ ನೋಡಿದರೆ ಎರಡನೇ ಸಾಲಿನಲ್ಲಿ ಅಣ್ಣ, ಪಕ್ಕದಲ್ಲಿ ಅತ್ತಿಗೆ. ಅತ್ತಿಗೆ ಮುಖವನ್ನು ಕಿಟಕಿಗೆ ತಿರುಗಿಸಿದರು. ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬ್ಯಾಗು ಜೋಡಿಸುತ್ತಿದ್ದ ರೀತಿಯಲ್ಲೇ ಇದು ಅವರ ಕಿತಾಪತಿ ಅಂತ ನನಗೆ ಗೊತ್ತಾಯಿತು.

ಎರಡು ದಿನ ಅತ್ತಿಗೆ ನನ್ನ ಜೊತೆ ಒಂದು ಮಾತಾಡಲಿಲ್ಲ. ನಾನು ಹಿಂದಿನ ಸೀಟಿನಿಂದ ಅವರ ಬೆನ್ನನ್ನೇ ನೋಡುತ್ತಿದ್ದೆ. ಹಾಕಿದ್ದ ಬ್ಲೌಸ್ ನಾನು ಹೊಲಿದದ್ದು. ಮರುದಿನದ್ದೂ ನನ್ನದೇ. ಬಣ್ಣ ಮಾಸಿತ್ತು, ಬೆನ್ನಿನ ಹತ್ತಿರ ದೊಗಲೆಯಾಗಿ ಪಿನ್ನು ಹಾಕಿದ್ದರು. ಮೂರು ವರ್ಷದಿಂದ ಇವರು ಹೊಸದು ಹೊಲಿಸಿಲ್ಲ ಅಂತ ತಿಳಿದಾಗ ನನಗೆ ದುಃಖ ಉಕ್ಕಿ ಬಂತು.

ಮೂರನೇ ದಿನ ಬೆಳಿಗ್ಗೆ ರಾಮೇಶ್ವರ. ಎಲ್ಲರೂ ಸಮುದ್ರದಲ್ಲಿ ಮುಳುಗಿ, ಇಪ್ಪತ್ತೆರಡು ಬಾವಿಯ ನೀರು ಹಾಕಿಸಿಕೊಂಡು, ಬಟ್ಟೆ ಬದಲಿಸಲು ಛತ್ರಕ್ಕೆ ಬಂದೆವು. ಒದ್ದೆಯಲ್ಲಿ ದರ್ಶನಕ್ಕೆ ಬಿಡುವುದಿಲ್ಲ. ಅತ್ತಿಗೆ ಬ್ಯಾಗು ಹುಡುಕಿದರೆ ಬ್ಯಾಗೇ ಇಲ್ಲ. ಮಧುರೆಯ ರೂಮಿನ ಬಾಗಿಲ ಹಿಂದಿನ ಮೊಳೆಗೆ ತಾವೇ ನೇತುಹಾಕಿ ಮರೆತು ಬಂದಿದ್ದರು. ಗಾಳಿ ಬೇರೆ ಬೀಸುತ್ತಿತ್ತು, ನಡುಗುತ್ತ ನಿಂತಿದ್ದರು. ನಾನು ಕೇಳದೆಯೇ ನನ್ನ ಸೀರೆ, ಲಂಗ ಕೈಗಿಟ್ಟೆ. ತೆಗೆದುಕೊಂಡರು. ನನ್ನ ಬ್ಲೌಸ್ ಆ ಭುಜಕ್ಕೆ ಏರುವುದು ಹೇಗೆ? ಅಣ್ಣ ಹೊರಗೆ ಹೋಗಿ ರೆಡಿಮೇಡ್ ಎರಡು ತಂದ, ಎಡತೋಳು ಒಂದರಲ್ಲೂ ಹೋಗಲಿಲ್ಲ.

"ನೀವೆಲ್ಲ ಹೋಗ್ರಿ, ನನ್ನ ಹಣೇಲಿ ಈ ದರ್ಶನ ಬರೆದಿಲ್ಲ" ಅಂತ ಅತ್ತಿಗೆ ಕಂಬಳಿ ಹೊದ್ದು ಮೂಲೆಯಲ್ಲಿ ಕೂತರು. ಎಲ್ಲರೂ ಹೋದರು. ನಾನು ಹೋಗಲಿಲ್ಲ. ಸೂಜಿ, ದಾರ, ಟೇಪು, ಸಣ್ಣ ಕತ್ತರಿ ನನ್ನ ಕೈಚೀಲದಲ್ಲಿ ಯಾವಾಗಲೂ ಇರುತ್ತವೆ. ಬಟ್ಟೆ ಬೇಕಲ್ಲ? ಚೀಲದ ತಳಕ್ಕೆ ಕೈ ಹಾಕಿದೆ.

ಗಿಳಿಹಸಿರು ಕಾಣುತ್ತಲೇ ಅತ್ತಿಗೆ ಅಂದರು, ನನ್ನ ಜೊತೆ ಮೂರು ವರ್ಷದ ಮೇಲೆ ಮೊದಲ ಮಾತು: "ಇದನ್ಯಾಕ ತಂದಿ ಇಲ್ಲಿಗೆ?"

"ನಾನು ತರ್ಲಿಲ್ಲ ಅತ್ತಿಗೆ. ಚಂದ್ರಗುತ್ತಿ ತಾಯಿಗೆ ಕೊಡಕ್ಕೆ ಹೋಗಿದ್ದೆ, ಆಕೆ ತಗಳ್ಳಿಲ್ಲ. ಆವತ್ತಿಂದ ಚೀಲದಾಗೇ ಇದೆ."

"ಕತ್ತರಿ ಹಾಕಬ್ಯಾಡ. ಅದು ನಿಂದು, ನಿನಗಂತ ಕೊಟ್ಟಿದ್ದು."

"ನಂದೇ ತಾನೆ? ಹಂಗಾದ್ರೆ ನನಗೆ ಬೇಕಾದವ್ರಿಗೆ ಹೊಲಿತೀನಿ. ಕೈ ಎತ್ತಿ, ಅಳತೆ ತಗಂತೀನಿ."

ಕಣವನ್ನು ಮೊಣಕಾಲ ಮೇಲೆ ಹರಡಿದೆ. ತವರಿನದು ಅಂತ ನನ್ನ ಹತ್ತಿರ ಉಳಿದಿದ್ದು ಅದೊಂದೇ. ಕತ್ತರಿ ಹಾಕುವ ಮುಂಚೆ ಟೇಪು ಹಿಡಿದೆ. ಇಪ್ಪತ್ತೈದು ವರ್ಷ ಬಾಯಿಪಾಠವಾಗಿದ್ದ ಅಳತೆ, ಸುತ್ತಳತೆಯಲ್ಲಿ ಮೂರು ಇಂಚು ಇಳಿದಿತ್ತು.

"ಏನಾಗಿದೆ ಅತ್ತಿಗೆ ನಿಮಗೆ?"

"ಸಕ್ಕರೆ ಕಾಯಿಲೆ. ಎರಡು ವರ್ಷಾತು. ಶಿಕಾರಿಪುರದ ಆಸ್ಪತ್ರೆಗೆ ತೋರ್ಸಾಕತ್ತೀನಿ. ನಿನಗ ಹೇಳಬ್ಯಾಡ ಅಂತ ನಿಮ್ಮಣ್ಣಗ ಆಣೆ ಹಾಕಿದ್ದೆ."

ನಾನು ಅಲ್ಲೇ ಅವರ ಮಡಿಲಲ್ಲಿ ಮುಖವಿಟ್ಟು ಅತ್ತೆ. ಬೇಕಂತ ಮಾಡಲಿಲ್ಲ ಅತ್ತಿಗೆ, ಮರೆತೆ ಅಂದೆ. "ಬೇಕಂತ ಮಾಡಿದ್ರೆ ಜಗಳ ಮಾಡ್ತಿದ್ದೆ ನೀಲಾ" ಅಂದರು ಅವರು. "ಅಷ್ಟು ಅಂಗಡಿ ತಿರುಗಿ, ನಿನ್ನ ಮುಖಕ್ಕ ಹಿಡಿದು ಆರಿಸಿದ್ದು. ಅದನ್ನ ನೀನು ಮರ್ತಿದ್ದಿ ಅಂತನ ಸಂಕಟ ಆಗಿದ್ದು." ಮರೆತದ್ದು ನಿಜ.

ಆಮೇಲೆ ಕೂತು ಕೈಹೊಲಿಗೆಯಲ್ಲೇ ಬ್ಲೌಸ್ ಮುಗಿಸಿದೆ. ಅತ್ತಿಗೆ ಸೂಜಿಗೆ ದಾರ ಪೋಣಿಸಿ ಕೊಡುತ್ತ ಹೋದರು. ಮಧ್ಯಾಹ್ನ ದೇವಸ್ಥಾನ ಮುಚ್ಚಿ ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಕೊನೆಯ ಹುಕ್ಕು ಹಾಕಿದೆ. ಎಡತೋಳು ಸಲೀಸಾಗಿ ಏರಿತು. ಮೂಲೆಯ ಕುಂಕುಮದ ಕಲೆ ಸರಿಯಾಗಿ ಭುಜದ ಮೇಲೆ ಬಂದಿತ್ತು. ಇಬ್ಬರೂ ಕೈಹಿಡಿದು ರಾಮನಾಥನ ದರ್ಶನ ಮಾಡಿದೆವು. ಅಂದುಕೊಂಡಿದ್ದ ಹಾಗೇ, ಕೂಡಿಯೇ.

ಗಂಡಸರು ಇವತ್ತಿಗೂ ಇದು ತಮ್ಮ ಉಪಾಯ ಅಂತ ಬೀಗುತ್ತಾರೆ. ಸೀಟು ಹಿಡಿದದ್ದು ಅವರೇ, ಒಪ್ಪುತ್ತೇನೆ. ಬ್ಯಾಗನ್ನು ಮೊಳೆಗೆ ಮರೆಸಿದವರು ಯಾರು? ನಾನು ಕೊಟ್ಟರೂ ತೆಗೆದುಕೊಳ್ಳದೆ ಆ ಕಣವನ್ನು ನನ್ನ ಚೀಲದಲ್ಲಿ ಕಾದಿಟ್ಟವರು ಯಾರು? ಆವತ್ತು ಮೆಟ್ಟಿಲಿಳಿಯುತ್ತ ಬೈದದ್ದಕ್ಕೆ ಆಮೇಲೆ ಹೋಗಿ ಪ್ರತಿ ಮೆಟ್ಟಿಲಿಗೂ ಹಣೆ ಹಚ್ಚಿ ಕ್ಷಮೆ ಕೇಳಿ ಬಂದಿದ್ದೇನೆ.

ಸಂಕ್ರಾಂತಿ ಕಳೆದ ವಾರಕ್ಕೆ ತವರಿನಲ್ಲಿ ರೇಖಾಳ ಮಗಳ ತೊಟ್ಟಿಲು. ಅತ್ತಿಗೆ ತಾವೇ ಸೊರಬಕ್ಕೆ ಬಂದು ಕುಂಕುಮ ಇಟ್ಟು ಕರೆದರು. ಹಳ್ಳಿಯ ತಿರುವಿನಲ್ಲಿ ಬಸ್ಸಿಳಿದು, ಅಣ್ಣನ ಕುರಿಗಳ ವಾಸನೆ ಮೂಗಿಗೆ ಬಡಿದಾಗ ಮೂರು ವರ್ಷದ ಮೇಲೆ ತವರಿಗೆ ಬಂದೆ ಅನ್ನಿಸಿತು. ರೇಖಾ ಮಗುವನ್ನು ನನ್ನ ತೋಳಿಗೆ ಕೊಟ್ಟು, "ಅತ್ತೆ, ನನ್ನ ಮದುವ್ಯಾಗ ನೀನಿರ್ಲಿಲ್ಲ" ಅಂದಳು. ಬಸ್‌ಸ್ಟ್ಯಾಂಡಿನಲ್ಲಿದ್ದೆ ಅಂತ ನಾನು ಹೇಳಲಿಲ್ಲ. ಆ ಮೂರು ವರ್ಷ ಹೋದದ್ದು ಹೋಯಿತು.

ಹೊರಡುವಾಗ ಅತ್ತಿಗೆ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಅವರು ಹಾಕಿದ್ದು ಅದೇ ಗಿಳಿಹಸಿರು ಬ್ಲೌಸ್. ಸೆರಗೊಡ್ಡಿದೆ. ಹಿಡಿ ಹಿಡಿ ಅಕ್ಕಿ ಬಿತ್ತು, ಕಾಯಿ ಬಿತ್ತು. ಕೊನೆಗೆ ಒಂದು ಅರಿಶಿನ ಬಣ್ಣದ ಕಣ ಇಟ್ಟರು. ಅದರ ಅಂಚಿನುದ್ದಕ್ಕೂ ಕೆಂಪು ದಾರದಲ್ಲಿ ಸೊಟ್ಟ ಸೊಟ್ಟ ಹೊಲಿಗೆ. ಹೊಲಿದೇ ಗೊತ್ತಿಲ್ಲದ ಕೈಯ ಹೊಲಿಗೆ.

ಪಕ್ಕದಲ್ಲಿದ್ದ ಚಿಕ್ಕಮ್ಮ ಗದರಿದರು: "ಹಾಲಮ್ಮ, ಹೊಲಿಗಿ ಬಿದ್ದಿದ್ದನ್ನ ಯಾರಾರ ಉಡಿಗಿ ಹಾಕ್ತಾರನ?"

"ನಾ ಹಾಕ್ತೀನಿ" ಅಂದರು ಅತ್ತಿಗೆ. "ಬೇಕಂತಲೇ ಹೊಲಿದೀನಿ. ಇನ್ನ ಇದು ಆಕಿ ಟ್ರಂಕಿನಿಂದ ಎಲ್ಲಿಗೂ ಹೋಗಂಗಿಲ್ಲ."

ಇದನ್ನು ಬರೆಯುತ್ತಿರುವಾಗ ಆ ಅರಿಶಿನ ಕಣದ ಬ್ಲೌಸ್ ನನ್ನ ಮೈಮೇಲಿದೆ. ಗಿರಾಕಿಗಳ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟು ಮಾರನೇ ದಿನವೇ ಹೊಲಿದೆ. ಆ ಸೊಟ್ಟ ಹೊಲಿಗೆಯನ್ನು ಬಿಚ್ಚಲಿಲ್ಲ, ತೋಳಿನ ಅಂಚಿಗೆ ಬರುವ ಹಾಗೆ ಕತ್ತರಿಸಿದೆ. ಅಂಗಡಿಗೆ ಬಂದವರು ಟೈಲರಮ್ಮನ ಹೊಲಿಗೆಯೇ ಸೊಟ್ಟಗಿದೆ ಅಂತ ನಗುತ್ತಾರೆ. ನಗಲಿ. ತಾಯಿ ರೇಣುಕಾಂಬೆ, ನಿನ್ನ ದಯೆಯಿಂದ ಇದು ನನ್ನ ತವರಿನ ಹೊಲಿಗೆ.