ಹೊಸದಾಗಿ ಹರಿದ ಹನ್ನೆರಡು ಚಾಪೆ

ಲೆಸಿಯೆಲಿಗೆ ಚಾಪೆ ಹೆಣೆಯುವುದು ಗೊತ್ತಿತ್ತು, ಹರಿಯುವುದು ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ರಾಜಧಾನಿಯ ಸ್ಮರಣೆ ಸಮಿತಿ.

ಟೊಂಗಾದ ಹಾಪೈ ದ್ವೀಪಗಳಲ್ಲಿ ಅವಳ ಹೆಣಿಗೆ ಗೊತ್ತಿಲ್ಲದವರಿಲ್ಲ. ಕೇದಗೆ ಎಲೆಯನ್ನು ಸಮುದ್ರದ ನೀರಿನಲ್ಲಿ ನೆನೆಸಿ, ಒಣಗಿಸಿ, ಸೀಳಿ, ಕಾಲು ಮಡಿಸಿ ಕೂತಳೆಂದರೆ ಊಟದ ನೆನಪೂ ಇರದ ಹೆಂಗಸು. ಮದುವೆಗೆ, ಚರ್ಚಿಗೆ, ಸಾವಿಗೆ ಊರಿನವರು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯೆಲ್ಲ ಅವಳ ಕೈಯದೇ. ಬಾಯಿ ಮಾತ್ರ ಸ್ವಲ್ಪ ಖಾರ. ಗಂಡ ಬದುಕಿದ್ದಾಗ ಮೀನಿನ ನೆಪ ಹೇಳಿ ದೋಣಿಯಲ್ಲೇ ಮಲಗುತ್ತಿದ್ದ ಎಂದು ಊರು ಈಗಲೂ ನಗುತ್ತದೆ.

ಹತ್ತು ವರ್ಷದ ಹಿಂದೆ ರಾಜಧಾನಿಯಿಂದ ಹೊರಟ ಹಡಗು ಹಾಪೈ ಮುಟ್ಟದೆ ಮುಳುಗಿತು. ಅದರಲ್ಲಿ ಅವಳ ಒಬ್ಬಳೇ ಮಗಳು ಲೂಪೆ ಇದ್ದಳು. ಹತ್ತೊಂಬತ್ತು ವರ್ಷ, ನರ್ಸಿಂಗ್ ಓದುತ್ತಿದ್ದವಳು. ಟಿಕೆಟ್ ಇದ್ದದ್ದು ಚಿಕ್ಕಮ್ಮನ ಮಗಳು ಫೂಸಿಯ ಹೆಸರಿನಲ್ಲಿ. ಹಲ್ಲುನೋವು ಬಂದು ಫೂಸಿ ಉಳಿದುಕೊಂಡಳು. ಟಿಕೆಟ್ ಯಾಕೆ ಹಾಳಾಗಬೇಕು ಎಂದು ಲೂಪೆ ಹತ್ತಿದಳು. ಫೂಸಿ ಬದುಕಿದ್ದಾಳೆಂದು ಗೊತ್ತಾದ ಮೇಲೆ ಸತ್ತವರ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಲೂಪೆಯ ಹೆಸರು ಸೇರಿಸಲಿಲ್ಲ. ದಡದ ಕಲ್ಲಿನ ಮೇಲೆ ಅರವತ್ತೆರಡು ಹೆಸರು ಕೆತ್ತಿ ಕೈ ತೊಳೆದುಕೊಂಡರು. ಲೆಸಿಯೆಲಿ ಸಮಿತಿಗೆ ಅರ್ಜಿ ಹಿಡಿದು ಹೋದಾಗಲೆಲ್ಲ ಒಂದೇ ಮಾತು: ಹುಡುಗಿ ಹಡಗು ಹತ್ತಿದ್ದಕ್ಕೆ ಸಾಕ್ಷಿ ತನ್ನಿ.

"ಸಾಕ್ಷಿ ಸಮುದ್ರದ ತಳದಲ್ಲಿದೆ, ನೀವೇ ಮುಳುಗಿ ತಂದ್ಕೊಳ್ಳಿ," ಎಂದು ಒಮ್ಮೆ ಅರ್ಜಿಯನ್ನು ಮೇಜಿನ ಮೇಲೆ ಎಸೆದು ಬಂದಿದ್ದಳು. ಮರುವರ್ಷ ಮತ್ತೆ ಬರೆದಳು.

ಹತ್ತನೇ ವರ್ಷದ ಸ್ಮರಣೆಗೆ ಮೂರು ತಿಂಗಳಿರುವಾಗ ಸೆಮಿಸಿ ಬಂದ. ಲೆಸಿಯೆಲಿಯ ತಮ್ಮನ ಮಗ, ಸಮಿತಿಯ ಕಾರ್ಯದರ್ಶಿ. ಸೋದರತ್ತೆ ಎಂದರೆ ನಮ್ಮಲ್ಲಿ ತಲೆಯ ಮೇಲೆ ಹೊತ್ತುಕೊಳ್ಳಬೇಕಾದವಳು. ಹಾಗಾಗಿ ಬಾಗಿಲಲ್ಲೇ ಬಗ್ಗಿ, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ನೆಲಕ್ಕೆ ಕೂತ.

"ಅತ್ತೆ, ದೊಡ್ಡವರು ಹನ್ನೆರಡು ಜನ ಬರ್ತಿದಾರೆ, ಟಿವಿಯವರೂ ಬರ್ತಾರೆ. ಅವರು ದುಃಖಕ್ಕೆ ಸೊಂಟಕ್ಕೆ ಕಟ್ಕೊಳ್ಳೋಕೆ ಹನ್ನೆರಡು ಹರಕು ಚಾಪೆ ಬೇಕಿತ್ತು."

"ಮನೆಮನೇಲೂ ಇದೆಯಲ್ಲೋ, ಹೋಗಿ ಕೇಳು."

"ಕೇಳ್ದೆ. ಅಜ್ಜನ ಸಾವಿಗೆ ಕಟ್ಟಿದ್ದು, ಅಮ್ಮನ ಸಾವಿಗೆ ಕಟ್ಟಿದ್ದು ಅಂತ ಯಾರೂ ಕೊಡಲ್ಲ. ಒಂದೊಂದು ವಾಸನೆ ಬೇರೆ. ನೀವು ಹೊಸದು ಹೆಣೆದು ಹಳೇದರ ಥರ ಮಾಡ್ಕೊಡಿ."

"ದುಃಖಾನೂ ನಾನೇ ಹೆಣೆದು ಕೊಡ್ಲಾ?"

ಸೆಮಿಸಿ ತಲೆ ಕೆರೆದುಕೊಂಡ. ಕೂಲಿಯ ಮಾತೆತ್ತಿದ. ಅವಳು ಕೈ ಅಡ್ಡ ಹಿಡಿದಳು.

"ಕಲ್ಲಿನ ಮೇಲೆ ಲೂಪೆ ಹೆಸರು ಬರ್ಬೇಕು. ಅಷ್ಟು ಮಾಡು, ಇನ್ನೇನೂ ಬೇಡ."

"ಬರುತ್ತೆ ಅತ್ತೆ. ಆ ದಿನ ನೀವೇ ನೋಡ್ತೀರಂತೆ," ಎಂದು ಎದೆ ಮುಟ್ಟಿಕೊಂಡ.

ಫೂಸಿ ದಿನಾ ಬಂದು ಜೊತೆಗೆ ಕೂರುತ್ತಿದ್ದಳು. ಹತ್ತು ವರ್ಷದಿಂದ ಅವಳು ದೊಡ್ಡಮ್ಮನ ಮುಖವನ್ನು ನೆಟ್ಟಗೆ ನೋಡಿದವಳಲ್ಲ, ಬಿಟ್ಟಿರಲೂ ಆರಳು. ಹೆಣೆದು ಮುಗಿದ ಮೇಲೆ ಇಬ್ಬರೂ ಸೇರಿ ಚಿಪ್ಪಿನಿಂದ ಅಂಚು ಕೆರೆದರು, ಹವಳದ ಕಲ್ಲಿನ ಮೇಲೆ ಎಳೆದಾಡಿದರು, ಹೊಗೆಗೆ ಹಿಡಿದರು. ಮೊದಲ ಚಾಪೆ ಹರಿಯುವಾಗ ಲೆಸಿಯೆಲಿ ಎರಡು ಸಲ ಚಿಪ್ಪು ಕೆಳಗಿಟ್ಟಳು. ಐದನೆಯದರ ಹೊತ್ತಿಗೆ ಅಭ್ಯಾಸವಾಗಿತ್ತು.

"ದೊಡ್ಡಮ್ಮ, ಇಷ್ಟು ಹರಿದ್ರೆ ಸಾಕಾ?"

"ಕಟ್ಕೊಳ್ಳೋನು ಎಷ್ಟು ದೊಡ್ಡೋನೋ ಅಷ್ಟು ಹರಿಯೇ."

ಸ್ಮರಣೆಯ ದಿನ ಬೆಳಿಗ್ಗೆ ಅವಳು ತನ್ನದೇ ಹಳೆಯ ಹರಕು ಕಟ್ಟಿಕೊಂಡು ಹಿತ್ತಲಲ್ಲಿದ್ದಳು. ನಮ್ಮಲ್ಲಿ ಸತ್ತವರಿಗಿಂತ ಕೆಳಗಿನ ನಂಟಿನವರು, ಅಂದರೆ ತಾಯಿಯ ಕಡೆಯವರು, ಹರಕು ಕಟ್ಟಬೇಕು. ಹರಕು ಕಟ್ಟಿದವರು ಮುಂದೆ ಕೂರುವಂತಿಲ್ಲ; ಹಿಂದೆ ನೆಲದೊಲೆ ತೋಡಿ, ಕಲ್ಲು ಕಾಯಿಸಿ, ಬಂದವರಿಗೆ ಬೇಯಿಸಿ ಹಾಕಬೇಕು. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ರಾಜಧಾನಿಯ ಟಿವಿಗೆ ಮಾತ್ರ ಹರಕು ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಒಲೆ ಹೊತ್ತಿಸಿ, ಕೈ ಒರೆಸಿಕೊಂಡು ಅವಳು ಕಲ್ಲಿನ ಹತ್ತಿರ ಹೋದಳು. ಬೆರಳಿಟ್ಟು ಎಣಿಸಿದಳು. ಅರವತ್ತೆರಡು. ಇನ್ನೊಮ್ಮೆ ಎಣಿಸಿದಳು.

"ಕೆತ್ತೋನು ಸಿಗ್ಲಿಲ್ಲ ಅತ್ತೆ," ಎಂದ ಸೆಮಿಸಿ, ಕಣ್ಣನ್ನು ಎಲ್ಲೋ ನೆಟ್ಟು. "ಮುಂದಿನ ವರ್ಷ ಖಂಡಿತ."

ಚಪ್ಪರದಡಿ ಹನ್ನೆರಡು ಮೆತ್ತನೆ ಕುರ್ಚಿ, ಹನ್ನೆರಡು ಹರಕು ಚಾಪೆ. ನಡುವಿನ ದೊಡ್ಡ ಮನುಷ್ಯ ಕೂತಲ್ಲೇ ಮೈಕು ಹಿಡಿದು, ನಿಮ್ಮ ದುಃಖದ ಮುಂದೆ ನಾವು ಬಹಳ ಸಣ್ಣವರು ಎನ್ನುತ್ತಿದ್ದ. ಲೆಸಿಯೆಲಿ ಮಸಿ ಕೈಯಲ್ಲೇ ನೇರ ಹೋಗಿ ಅವನೆದುರು ನಿಂತಳು.

"ಅಪ್ಪಾ, ನಿಮ್ಮ ಸೊಂಟದಲ್ಲಿರೋದು ಹಿತ್ತಲಲ್ಲಿ ದುಡಿಯೋರ ಚಾಪೆ. ಅದನ್ನ ಕಟ್ಕೊಂಡೋರು ಕುರ್ಚೀಲಿ ಕೂರಲ್ಲ. ಹಂದಿ ಇನ್ನೂ ಒಲೆಗಿಳಿದಿಲ್ಲ. ಬನ್ನಿ, ಒಂದು ಕೈ ಹಿಡೀರಿ."

ಮೈಕು ಅವಳ ಮಾತನ್ನು ಇಡೀ ದಡಕ್ಕೆ ಹಂಚಿತು. ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡ ಮನುಷ್ಯನ ಮುಖ ಕೆಂಪಾಯಿತು. ಏಳಲೂ ಆಗದೆ ಕೂರಲೂ ಆಗದೆ ಚಡಪಡಿಸಿ, ಕೊನೆಗೆ ಹಗ್ಗ ಬಿಚ್ಚಿ ಚಾಪೆಯನ್ನು ಮರಳಿನ ಮೇಲೆ ಹಾಕಿದ. ಅದನ್ನು ನೋಡಿ ಉಳಿದ ಹನ್ನೊಂದು ಜನರೂ ಬಿಚ್ಚಿದರು. ಹತ್ತು ವರ್ಷದಲ್ಲಿ ಲೆಸಿಯೆಲಿಯ ಹೊಟ್ಟೆ ತಣ್ಣಗಾದದ್ದು ಆ ಒಂದು ಗಳಿಗೆ. ಸುಳ್ಳೇಕೆ ಹೇಳಲಿ, ಊರಿನದೂ ಹಾಗೇ.

ಸೆಮಿಸಿ ಓಡಿ ಬಂದು ಅವಳನ್ನು ಪಕ್ಕಕ್ಕೆ ಕರೆದ. ಬೆವರು ಇಳಿಯುತ್ತಿತ್ತು.

"ಏನು ಮಾಡ್ಬಿಟ್ರಿ ಅತ್ತೆ! ಅವರು ಎದ್ದು ಹೋದ್ರೆ ಲೂಪೆ ಹೆಸರಿನ ಕಥೆ ಇವತ್ತಿಗೆ ಮುಗೀತು. ಹೋಗಿ ತಪ್ಪಾಯ್ತು ಅನ್ನಿ, ನಿಮ್ಮ ಕೈಯಾರೆ ಚಾಪೆ ಕಟ್ಟಿ. ಹೆಸರು ಕೆತ್ತಿಸ್ತೀವಿ ಅಂತ ಅವರ ಬಾಯಿಂದಲೇ ಮೈಕಲ್ಲಿ ಹೇಳಿಸ್ತೀನಿ. ಇಷ್ಟು ಜನರ ಮುಂದೆ ಹೇಳಿದ್ದನ್ನ ತಪ್ಪೋಕಾಗಲ್ಲ."

"ಬೇಡ ದೊಡ್ಡಮ್ಮ," ಎಂದಳು ಫೂಸಿ. ಅವಳು ಅಳುತ್ತಿದ್ದಳು. "ಇವರ ಕಾಲಿಗೆ ಬೀಳಬೇಡಿ."

"ನೀನು ಸುಮ್ನಿರೇ. ಹೋದವಳು ನನ್ನ ಮಗಳು."

ಊರೆಲ್ಲ ನೋಡುತ್ತಿರುವಾಗ ಲೆಸಿಯೆಲಿ ಮರಳಿನಿಂದ ಚಾಪೆ ಎತ್ತಿದಳು, ಕೊಡವಿದಳು. ಕುರ್ಚಿಯ ಮುಂದೆ ಮಂಡಿಯೂರಿ, "ತಪ್ಪಾಯ್ತು," ಎಂದಳು. ನಗುತ್ತಿದ್ದವರು ಬೇರೆ ಕಡೆ ನೋಡಿದರು.

ಆ ಮನುಷ್ಯ ಕೆಟ್ಟವನಲ್ಲ, ಅದೇ ಇನ್ನೂ ಸಂಕಟ. ಎದ್ದು ನಿಂತು, ಸೆಮಿಸಿ ಕಿವಿಯಲ್ಲಿ ಉಸುರಿದ್ದನ್ನು ಹಾಗೆಯೇ ಮೈಕಿನಲ್ಲಿ ಹೇಳಿದ: ಲೂಪೆ ಎಂಬ ಮಗಳ ಹೆಸರನ್ನು ವಾರದೊಳಗೆ ಕಲ್ಲಿನಲ್ಲಿ ಕೆತ್ತಿಸಲಾಗುವುದು. ಮಾತು ಉಳಿಸಿಕೊಂಡ ಕೂಡ. ಆರನೇ ದಿನಕ್ಕೆ ಹೆಸರು ಬಂತು. ಆದರೆ ಆಗ, ಚಪ್ಪಾಳೆ ನಡೆಯುತ್ತಿರುವಾಗ, ಲೆಸಿಯೆಲಿ ಅವನ ಸೊಂಟಕ್ಕೆ ನಾರಿನ ಹಗ್ಗ ಸುತ್ತಿ ಬಿಗಿಯುತ್ತಿದ್ದಳು. ಎಳೆದದ್ದು ಹೆಚ್ಚಾಯಿತು.

ಅವನು ಬಗ್ಗಿ, ಮೆಲ್ಲಗೆ, ಒಳ್ಳೆಯ ಮಾತಿನಲ್ಲೇ ಹೇಳಿದ:

"ಸ್ವಲ್ಪ ಸಡಿಲ ಮಾಡಮ್ಮ. ಉಸಿರಾಡೋಕೆ ಆಗ್ತಿಲ್ಲ."

ಲೆಸಿಯೆಲಿಯ ಕೈ ಗಂಟಿನ ಮೇಲೆಯೇ ನಿಂತಿತು. ತಲೆ ಎತ್ತಿ ಅವನ ಮುಖ ನೋಡಿದಳು. ಆಮೇಲೆ ಗಂಟು ಸಡಿಲಿಸಿದಳು.