ದಫ್ತರಿನಲ್ಲಿ ಎರಡೇ ದನ

ದೊಡ್ಡರೋಗ ನಮ್ಮ ಕೊಟ್ಟಿಗೆಗೆ ಬಂದದ್ದು ಆಶ್ವಯುಜದ ಎರಡನೆಯ ಸೋಮವಾರ. ದನದ ಬಾಯಲ್ಲಿ ಹುಣ್ಣು, ಆಮೇಲೆ ಭೇದಿ, ಐದಾರು ದಿನದಲ್ಲಿ ಸಾವು. ಶನಿವಾರ ಕಪ್ಪು ಹಸು ಹೋಯಿತು, ಭಾನುವಾರ ಅದರ ಕಡಸು, ಬುಧವಾರ ಬೆಳಿಗ್ಗೆ ಗಬ್ಬವಾಗಿದ್ದ ಕಂದು ಹಸು. ಐದರಲ್ಲಿ ಉಳಿದದ್ದು ಎರಡು: ಹಾಲು ಬತ್ತಿದ ಒಂದು ಮುದಿ ಹಸು, ದಿನಕ್ಕೆ ಮೂರು ಸೇರು ಕೊಡುವ ಒಂದು ಕೆಂಪು ಹಸು. ಯಾವುದು ಯಾವತ್ತು ಈಯಿತು, ಯಾವತ್ತು ಸತ್ತಿತು, ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ಹೈಸ್ಕೂಲು ಬಿಟ್ಟ ಮೇಲೆ ಹಾಗೆ ಬರೆದಿಡುವುದು ನನ್ನ ಅಭ್ಯಾಸ.

ಅಪ್ಪ ಇಲ್ಲದ ಮನೆ. ಕೆಂಗೇರಿಯಿಂದ ಬೆಳಗಿನ ರೈಲಿಗೆ ನಮ್ಮ ಹಾಲಿನ ಕ್ಯಾನು ಹೋದರೆ ಮಾತ್ರ ಊಟ. ಮೂರು ಸೇರಿಗೆಲ್ಲ ಕ್ಯಾನು ಮುಟ್ಟುವುದಿಲ್ಲ ಎಂದು ಹಾಲಿನವನು ಹೇಳಿಬಿಟ್ಟಿದ್ದ. ಅಷ್ಟರಲ್ಲಿ, ರೋಗದಲ್ಲಿ ದನ ಕಳೆದುಕೊಂಡವರಿಗೆ ಸರ್ಕಾರ ತುರ್ತು ಪರಿಹಾರ ಕೊಡುತ್ತದೆ ಎಂದು ಟಾಂ ಟಾಂ ಹೊಡೆದರು. ಆ ದುಡ್ಡಿಗೆ ಒಂದು ಕರೆಯುವ ಹಸು ಬಂದೀತು ಎಂದು ಅಮ್ಮ ಅಂದಾಜು ಮಾಡಿದಳು.

ಗುರುವಾರ ಇಬ್ಬರೂ ಚಾವಡಿಗೆ ಹೋದೆವು.

“ಎಷ್ಟು ಸತ್ತವಮ್ಮಾ?” ಗುಮಾಸ್ತ ಕೇಳಿದ.

“ಮೂರು ಸ್ವಾಮಿ.”

“ಈಗ ಎಷ್ಟವೆ?”

“ಎರಡು.”

ಅವನು ದನಗಣತಿಯ ದಫ್ತರು ತೆರೆದು ಬೆರಳಿಟ್ಟ. “ಇಲ್ಲಿರೋದೂ ಎರಡೇ. ಮತ್ತೆ ಸತ್ತಿದ್ದು ಯಾರವಮ್ಮಾ, ಪಕ್ಕದ ಮನೇವಾ?”

ಸಾಲಿನಲ್ಲಿದ್ದವರು ನಕ್ಕರು. ಅವರಲ್ಲಿ ಅರ್ಧ ಜನರ ಗತಿಯೂ ನಮ್ಮದೇ ಆಗಿತ್ತು.

ನಮ್ಮೂರಲ್ಲಿ ಹೊರಗಿನವರಿಗೆ ದನದ ಲೆಕ್ಕ ಪೂರ್ತಿ ಹೇಳುವವರಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ. ಬೇಸಿಗೆಯಲ್ಲಿ ಗಣತಿಗೆ ಬಂದಾಗ ಅಮ್ಮ ಮೂರನ್ನು ಕೆರೆಯ ಕಡೆ ಅಟ್ಟಿ, ಎರಡೇ ಅಂದಿದ್ದಳು. ಅವತ್ತು ಇದೇ ಗುಮಾಸ್ತ ನನ್ನ ಕಡೆ ತಿರುಗಿ, “ಓದಿದ ಹುಡುಗಿ ನೀನು, ಸರಿನೇನಮ್ಮ?” ಎಂದು ಕೇಳಿದ್ದ. ನೋಟ್‌ಬುಕ್ಕನ್ನು ಸೆರಗಿನಡಿ ಹಿಡಿದುಕೊಂಡು ನಾನು ಹೂಂ ಅಂದಿದ್ದೆ.

ಈಗ ಅದನ್ನೇ ಬಿಚ್ಚಿ ಅವನ ಮುಂದಿಟ್ಟೆ. ಅವನು ಎರಡು ಪುಟ ಓದಿದ.

“ಅಕ್ಷರ ಚೆನ್ನಾಗಿದೆ ಕಣಮ್ಮ. ಆದ್ರೆ ನಿಮ್ಮಮ್ಮ ಎರಡಕ್ಕೆ ಹೆಬ್ಬೆಟ್ಟು ಒತ್ತವ್ರೆ. ಎರಡಕ್ಕಿಂತ ಕಮ್ಮಿ ಆದ್ರೆ ಬನ್ನಿ, ಬರ್ಕೋತೀನಿ. ಮುಂದಿನ ವಾರ ಶುಕ್ರವಾರವೇ ಕಡೆ, ಐದು ಗಂಟೆ ತನಕ ಇರ್ತೀನಿ.”

ದಾರಿಯಲ್ಲಿ ಅಮ್ಮ ಒಂದೇ ಮಾತು ಆಡಿದಳು: “ಪೂರ್ತಿ ಹೇಳ್ಲಿಲ್ವಲ್ಲೇ ನಾನು. ಮತ್ತೆ ಯಾರ ಕಣ್ಣು ಬಿತ್ತೇ?”

ಭಾನುವಾರ ಕೆಂಪು ಹಸು ಮೇವು ಬಿಟ್ಟಿತು. ಬಾಯಿ ಬಿಡಿಸಿ ನೋಡಿದೆ, ಹುಣ್ಣು. ಮುದಿ ಹಸು ಪಕ್ಕದಲ್ಲೇ ಮೆಲುಕು ಹಾಕುತ್ತಿತ್ತು. ಗುರುವಾರ ಕೆಂಪು ಹಸು ಏಳಲಿಲ್ಲ. ಅಮ್ಮ ಅದರ ಕಿವಿ ಮುಟ್ಟಿ ಜ್ವರ ನೋಡಿದಳು. “ಗುಮಾಸ್ತ ನಾಳೆ ಎಷ್ಟೊತ್ತಿನ ಗಂಟ ಇರ್ತಾನೆ ಅಂದ?” ಎಂದಳು.

“ಐದು.”

ಅವಳು ಹಸುವಿಗೆ ಕುಡಿಸುವ ಕಷಾಯ ಕಾಯಿಸಲು ಏಳಲಿಲ್ಲ. ನಾನೂ ಏಳಲಿಲ್ಲ.

ಶುಕ್ರವಾರ ಮೂರಕ್ಕೆ, ನಾಲ್ಕಕ್ಕೆ, ನಾಲ್ಕೂವರೆಗೆ ಕೊಟ್ಟಿಗೆಗೆ ಹೋಗಿ ನೋಡಿ ಬಂದೆ. ಐದು ಗಂಟೆಗೆ ಅದು ಇನ್ನೂ ಉಸಿರಾಡುತ್ತಿತ್ತು.