ಮೊದಲು ಕೂಸಿನ ದನಿ

ಕುಂಭಾರಿಯ ಶಾಲೆಯಲ್ಲಿ ಏನಾದರೂ ಅವಘಡವಾದಾಗ ಮನೆಮಂದಿಗೆ ಸುದ್ದಿ ಮುಟ್ಟಿಸುವ ಮಲಕಮ್ಮನವರು, ಫೋನು ಹಿಡಿಯುವ ಮುನ್ನ ಪೂಜೆಗೆ ಕೂರುವವರಂತೆ ಕೈ ತೊಳೆದು ತಲೆಯ ಮೇಲೆ ಸೆರಗೆಳೆದುಕೊಳ್ಳುತ್ತಾರೆ. ಅಂಗಳಕ್ಕೆ ಹಾವು ಬರಲಿ, ಪ್ರಳಯವೇ ಬರಲಿ, ಈ ಕ್ರಮ ತಪ್ಪದು. ಸುದ್ದಿಯನ್ನೇ ಮೊದಲು ಹೇಳಿಬಿಡುವುದು ಅವರ ಪಾಲಿಗೆ ಪಾಪ. “ಮೊದಲ ಕೂಸಿನ ದನಿ ಕೇಳ್ರಿ, ಆಮ್ಯಾಲ ನನ್ನ ಮಾತು,” ಎಂದು ಫೋನನ್ನು ಮಗುವಿನ ಬಾಯಿಗೆ ಹಿಡಿಯುತ್ತಾರೆ. ಮಗು ನಾಚಿದರೆ, “ಮುಂಜಾನಿ ಏನ ತಿಂದಿ, ಅವ್ವಗ ಹೇಳು,” ಎಂದು ಪುಸಲಾಯಿಸುತ್ತಾರೆ. ಎಲ್ಲರಿಗೂ ಒಂದೇ ಮೆಸೇಜು ಸಾಲದೇ ಎಂದ ಮುಖ್ಯಾಧ್ಯಾಪಕರಿಗೆ, “ಕಳಸ್ರಿ ಸರ, ಆದ್ರ ಓದಿದ್ರ ತಾಯಿ ಜೀವಕ್ಕ ಸಮಾಧಾನ ಆಗಂಗಿಲ್ರಿ,” ಎಂದು ನಕ್ಕರು. ಭಗವಂತನ ಕರುಣೆಗೂ ಒಂದು ದನಿಯುಂಟೆಂದು ನಾನು ದೃಢವಾಗಿ ನಂಬಿರುವುದು ಈ ತಾಯಿಯನ್ನು ಕಂಡೇ. ಕಳೆದ ಮಾಘದಲ್ಲಿ ರಸ್ತೆಯಾಚೆಯ ಹತ್ತಿ ಗೋದಾಮಿಗೆ ಬೆಂಕಿ ಬಿದ್ದು ಹೊಗೆ ಶಾಲೆಯನ್ನು ಕವಿದಾಗ, ಶಿಕ್ಷಕರು ಮಕ್ಕಳನ್ನೆಲ್ಲ ಬಯಲಿಗೆ ಕರೆತಂದರು. ಮಲಕಮ್ಮನವರು ಎಂಐಡಿಸಿ ಕೈಗಾರಿಕಾ ಪ್ರದೇಶದ ಚಾದರ ಕಾರ್ಖಾನೆಯಲ್ಲಿ ದುಡಿಯುವ ತಾಯಂದಿರಿಗೆ ಒಬ್ಬೊಬ್ಬರಿಗೂ ಮಗುವಿನ ದನಿ ಕೇಳಿಸಿದರು. ಅದೇ ಕಾರ್ಖಾನೆಯಲ್ಲಿ ಅವರ ಸೊಸೆ ಮನಿಷಾಳೂ ಇದ್ದಳು. ತಮ್ಮ ಮೊಮ್ಮಗಳನ್ನು ಮಾತ್ರ ಅವರು ಸಾಲಿನ ಕೊನೆಗೆ ಕೂರಿಸಿದ್ದರು. ಕಡೆಗೆ ಸೊಸೆಗೆ ಫೋನು ಮಾಡಿದಾಗ, “ಅತ್ತಿ, ಎಲ್ಲಾರಿಗೂ ಫೋನ್ ಬಂತು, ನನ್ನ ಮಗಳೆಲ್ಲಿ?” ಎಂಬ ಕೂಗು ಕೇಳಿತು. ಮಲಕಮ್ಮನವರು ಫೋನನ್ನು ಮೊಮ್ಮಗಳ ಬಾಯಿಗೆ ಹಿಡಿದರು. “ಅವ್ವಾ, ನಾ ಆರಾಮ ಅದೀನಿ,” ಎಂದಿತು ಆ ಕೂಸು, “ಅಜ್ಜಿನೇ ಅಳಾಕತ್ತಾಳ.” “ಹೊಗಿ ಕಣ್ಣಾಗ ಹೊಕ್ಕೈತವಾ,” ಎಂದರು ಮಲಕಮ್ಮನವರು. ಆ ಹೊತ್ತಿಗೆ ಹೊಗೆ ಪೂರ್ತಿ ಕರಗಿ, ಬಯಲೆಲ್ಲ ಬಿಸಿಲಾಗಿತ್ತು.